ಐಸ್‌ನಲ್ಲಿಟ್ಟ ಮೀನು ಎಷ್ಟು ದಿನದ್ದು? ಕಿವಿರು ಬಿಡಿಸಿ ನೋಡಿ

ಗಂಗೊಳ್ಳಿ ಬಂದರಿನಲ್ಲಿ ಒಂದು ಬೆಳಿಗ್ಗೆ ಬಂಗುಡೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೀನಿನ ಕಣ್ಣು ನೋಡುತ್ತಿದ್ದೆ. ಮಾರುತ್ತಿದ್ದ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಕಣ್ಣೆಂತಕ್ ಕಾಂತ್ರಿ? ಕಿವಿ ಬಿಡ್ಸಿ ಕಾಣಿ" ಅಂದರು. ಒಂದು ಬಂಗುಡೆ ಎತ್ತಿಕೊಂಡು, ಕಿವಿರಿನ ಮುಚ್ಚಳದ ಕೆಳಗೆ ಹೆಬ್ಬೆರಳಿನ ಉಗುರು ತೂರಿಸಿ ಅಗಲಿಸಿದರು. ಒಳಗೆ ದಾಳಿಂಬೆ ಕಾಳಿನಂಥ ಕೆಂಪು. ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿದ್ದವು. ಮೂಗಿನ ಹತ್ತಿರ ಹಿಡಿದರು. ಪಾಚಿಗಟ್ಟಿದ ಕಡಲ ಬಂಡೆಯ ವಾಸನೆ, ಅಷ್ಟೇ. ಪಕ್ಕದ ಬುಟ್ಟಿಯಿಂದ ಇನ್ನೊಂದು ತೆಗೆದರು. ಅದರ ಕಣ್ಣೂ ಮೊದಲಿನದರ ಹಾಗೇ ಇತ್ತು. ಕಿವಿರು ಬಿಡಿಸಿದಾಗ ಮಾತ್ರ ಒಳಗೆ ಮಾಸಿದ ಇಟ್ಟಿಗೆ ಬಣ್ಣ, ಮೇಲೆ ತೆಳುವಾದ ಬಿಳಿ ಲೋಳೆ. "ಇದ್ ನಾಲ್ಕ್ ದಿನದ್ದ್. ಸಾರಿಗ್ ಅಡ್ಡಿಲ್ಲ" ಅಂದರು. ಬೆಲೆಯನ್ನೂ ಕಡಿಮೆಯೇ ಹೇಳಿದರು.

ಅವತ್ತಿನಿಂದ ನಾನು "ಮೀನು ಫ್ರೆಶ್ಶಾ?" ಅಂತ ಕೇಳುವುದನ್ನು ಬಿಟ್ಟೆ. ಆ ಪ್ರಶ್ನೆಗೆ ಎಲ್ಲ ಅಂಗಡಿಯಲ್ಲೂ ಒಂದೇ ಉತ್ತರ, ಅಲ್ವಾ? "ಐಸ್‌ನಲ್ಲಿ ಎಷ್ಟು ದಿನ ಆಯ್ತು?" ಅಂತ ಕೇಳಬೇಕು. ಆಮೇಲೆ ಬಂದ ಉತ್ತರ ಹೌದೋ ಅಲ್ಲವೋ ಅಂತ ನಮ್ಮ ಮೂಗು, ಬೆರಳು, ಕಣ್ಣು ಇದೇ ಕ್ರಮದಲ್ಲಿ ನೋಡಬೇಕು. ಎಲ್ಲರೂ ಕಣ್ಣಿನಿಂದ ಶುರು ಮಾಡುತ್ತಾರೆ. ಐಸ್ ಹಾಕಿದ ಮೀನಿನಲ್ಲಿ ಕಣ್ಣೇ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುತ್ತದೆ.

ಐಸ್ ಮೀನು ಅಂದರೆ ಹಳೇ ಮೀನಲ್ಲ

ಕರಾವಳಿಯ ಎಷ್ಟೋ ಮನೆಗಳಲ್ಲಿ "ಐಸ್ ಮೀನಾ?" ಅಂತ ಮೂಗು ಮುರಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬೆಳಿಗ್ಗೆ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬುಟ್ಟಿಯಲ್ಲಿ ಕೂತ ಮೀನಿಗಿಂತ, ಹಿಡಿದ ಕೂಡಲೇ ಸರಿಯಾಗಿ ಐಸ್ ಹಾಕಿದ ಮೂರು ದಿನದ ಮೀನು ಎಷ್ಟೋ ವಾಸಿ. ಸೊನ್ನೆ ಡಿಗ್ರಿಯಲ್ಲಿ ಮೀನು ಹಾಳಾಗುವ ವೇಗವನ್ನು ಒಂದು ಅಂತಿಟ್ಟುಕೊಂಡರೆ, 5 ಡಿಗ್ರಿಯಲ್ಲಿ ಅದು ಎರಡು ಪಟ್ಟಿಗೂ ಹೆಚ್ಚು, 10 ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟು. ನಮ್ಮ ಕಡಲಿನ ಮೀನಿಗೆ ಇನ್ನೊಂದು ಅನುಕೂಲ ಇದೆ. ಅದರ ಮೈಮೇಲಿನ ಬ್ಯಾಕ್ಟೀರಿಯಾಗಳು 28–30 ಡಿಗ್ರಿಯ ಬೆಚ್ಚಗಿನ ನೀರಿಗೆ ಒಗ್ಗಿಕೊಂಡವು. ಐಸ್ ತಾಗಿದರೆ ಹೆಚ್ಚಿನವು ಮರಗಟ್ಟಿ ಕೂರುತ್ತವೆ. ಹಾಗಾಗಿ ಚಳಿ ದೇಶದ ಎಷ್ಟೋ ಮೀನುಗಳಿಗಿಂತ ನಮ್ಮ ಮೀನು ಐಸ್‌ನಲ್ಲಿ ಜಾಸ್ತಿ ದಿನ ತಾಳುತ್ತದೆ.

ಐಸ್‌ನೊಳಗೆ ಮೀನು ಎರಡು ಹಂತದಲ್ಲಿ ಕೆಡುತ್ತದೆ. ಮೊದಲನೆಯದಕ್ಕೆ ಬ್ಯಾಕ್ಟೀರಿಯಾ ಬೇಕೇ ಇಲ್ಲ. ಮೀನಿನ ಮಾಂಸದಲ್ಲೇ ಇರುವ ಕಿಣ್ವಗಳು ಒಂದು ರುಚಿಯ ಅಂಶವನ್ನು ಮೆಲ್ಲಗೆ ಒಡೆಯುತ್ತಾ ಹೋಗುತ್ತವೆ. ತಾಜಾ ಮೀನಿನ ಆ ಸಣ್ಣ ಸಿಹಿ ಬರುವುದು ಅದರಿಂದಲೇ. ಅದು ಕರಗಿದ ಮೇಲೆ ಮೀನು ಸಪ್ಪೆಯಾಗುತ್ತದೆ. ವಾಸನೆ ಇರುವುದಿಲ್ಲ, ಕೆಟ್ಟಿರುವುದೂ ಇಲ್ಲ, ರುಚಿ ಮಾತ್ರ ಹೋಗಿರುತ್ತದೆ. ಎರಡನೇ ಹಂತದಲ್ಲಿ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ. ಆಗ ನಾವು "ಮೀನು ನಾತ" ಅನ್ನುವ ವಾಸನೆ ಹುಟ್ಟುತ್ತದೆ, ಬಾಯಲ್ಲಿ ಕಹಿ ಉಳಿಯುತ್ತದೆ. ನೀವು ಕೊಳ್ಳುವ ಮೀನು ಇದರಲ್ಲಿ ಎಲ್ಲಿದೆ ಅಂತ ಗುರುತಿಸಿದರೆ ಸಾಕು.

ಅಂದಾಜಿಗೆ ಹೇಳುವುದಾದರೆ, ಚೆನ್ನಾಗಿ ಐಸ್ ಹಾಕಿದ ಬೂತಾಯಿ (ಸಾರ್ಡೀನ್) ಐದಾರು ದಿನ, ಬಂಗುಡೆ ಒಂದು ವಾರ, ಅಂಜಲ್‌ನಂಥ ದೊಡ್ಡ ಮೀನು ಹತ್ತು ದಿನದ ಆಸುಪಾಸು ತಿನ್ನುವ ಹಾಗಿರುತ್ತದೆ. ಕಾಟ್ಲಾ, ರೋಹು ಎರಡು ವಾರದ ಹತ್ತಿರಕ್ಕೂ ಬರುತ್ತವೆ. ಐಸ್ ಒಮ್ಮೆ ಕರಗಿ ನಾಲ್ಕು ಗಂಟೆ ಹಾಗೇ ಬಿಟ್ಟಿದ್ದರೆ ಈ ಲೆಕ್ಕ ಮರೆತುಬಿಡಿ.

ಮೊದಲು ಕೇಳಿ: ಯಾವ ಬೋಟು?

ನಾಡದೋಣಿ, ಕೈರಂಪಣಿ (ದಡದಿಂದಲೇ ಎಳೆಯುವ ಬಲೆ), ಪರ್ಸೀನ್ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ) ಬೋಟಿನ ಮೀನು ಸಾಮಾನ್ಯವಾಗಿ ಹಿಡಿದ ದಿನವೇ ದಡಕ್ಕೆ ಬರುತ್ತದೆ. ಬಲೆಯನ್ನು ಎಳೆದುಕೊಂಡು ಹೋಗುವ ಆಳಸಮುದ್ರದ ಟ್ರಾಲ್ ಬೋಟು ಎಂಟು ಹತ್ತು ದಿನ ಕಡಲಿನಲ್ಲೇ ಇರುತ್ತದೆ. ಅದರ ಮೀನು ಮಲ್ಪೆ ಧಕ್ಕೆಯಲ್ಲಿ ಈಗಷ್ಟೇ ಇಳಿಯಿತು ಅಂದರೂ, ಮೊದಲ ದಿನದ ಬಲೆಯ ಮೀನಿಗೆ ಆಗಲೇ ವಾರ ದಾಟಿರಬಹುದು. ಕೊನೆಯ ದಿನದ ಬಲೆಯದ್ದು ಚೆನ್ನಾಗಿರುತ್ತದೆ. ಎರಡೂ ಒಂದೇ ಹರಾಜಿಗೆ ಬರುತ್ತವೆ. "ಬೋಟು ಇವತ್ತು ಬಂತು" ಅನ್ನುವುದೂ "ಮೀನು ಇವತ್ತಿಂದು" ಅನ್ನುವುದೂ ಬೇರೆ ಬೇರೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೊಳ್ಳುವವರು ಇದಕ್ಕೆ ದಾರಿಯ ಒಂದು ರಾತ್ರಿಯನ್ನು ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಕೇಳಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜುಲೈನಲ್ಲಿ ಅಂಗಡಿಯಲ್ಲಿ ರಾಶಿ ರಾಶಿ ದೊಡ್ಡ ಮೀನು ಕಂಡರೆ ಅದು ತಮಿಳುನಾಡು, ಆಂಧ್ರದ ಕಡೆಯಿಂದ ಬಂದಿರಬಹುದು, ಇಲ್ಲವೇ ಕೋಲ್ಡ್ ಸ್ಟೋರೇಜಿನಿಂದ ತೆಗೆದದ್ದಿರಬಹುದು. ಎರಡೂ ತಪ್ಪಲ್ಲ. ಕೊಳ್ಳುವವರಿಗೆ ಗೊತ್ತಿರಬೇಕು, ಅಷ್ಟೇ.

ಐಸನ್ನೂ ನೋಡಿ

ಮೀನಿಗೆ ಕೈ ಹಾಕುವ ಮೊದಲು ಪೆಟ್ಟಿಗೆ ನೋಡಿ. ಒಳ್ಳೆಯ ಪೆಟ್ಟಿಗೆಯಲ್ಲಿ ಕೆಳಗೆ ಐಸ್, ಮೇಲೆ ಮೀನು, ಮತ್ತೆ ಐಸ್ ಹೀಗೆ ಪದರ ಪದರವಾಗಿರುತ್ತದೆ. ಕರಗಿದ ನೀರು ಹರಿದುಹೋಗಲು ತೂತು ಇರುತ್ತದೆ. ಎಷ್ಟು ಐಸ್ ಬೇಕು? ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಶಾಖ ಹೀರಿಕೊಳ್ಳುತ್ತದೆ. ಆ ಲೆಕ್ಕದಲ್ಲಿ 30 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು ಮುನ್ನೂರು ಗ್ರಾಂ ಐಸ್ ಸಾಕು. ಆದರೆ ಹೊರಗಿನ ಸೆಕೆಯನ್ನು ತಡೆಯುತ್ತಾ ಅದನ್ನು ಹಾಗೇ ಉಳಿಸಲು ಇನ್ನಷ್ಟು ಬೇಕು. ಅದಕ್ಕೇ ನಮ್ಮ ಹವೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅನ್ನುವುದು ರೂಢಿ.

ಚೆಂದ ಕಾಣಲಿ ಅಂತ ಐಸ್ ಹಾಸಿನ ಮೇಲೆ ಮೀನು ಜೋಡಿಸಿಟ್ಟ ಅಂಗಡಿಗಳಲ್ಲಿ ಜಾಗ್ರತೆ. ಅಲ್ಲಿ ಮೀನಿನ ಕೆಳಮೈ ತಣ್ಣಗಿರುತ್ತದೆ, ಮೇಲ್ಮೈಗೆ ಗಾಳಿ, ಲೈಟಿನ ಬಿಸಿ ತಾಗುತ್ತಿರುತ್ತದೆ. ಬೆರಳನ್ನು ಮೀನಿನ ಮೇಲ್ಮೈ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಇಡಿ. ಚಳಿ ಕೊರೆಯಬೇಕು. ಕೊರೆಯದಿದ್ದರೆ ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಅಂತ ಕೇಳಿ. ಪೆಟ್ಟಿಗೆಯ ಅಡಿಯಲ್ಲಿ ರಕ್ತ ಕದಡಿದ ನೀರು ನಿಂತು ಮೀನು ಅದರಲ್ಲೇ ಮುಳುಗಿದ್ದರೆ, ಆ ಮೀನು ಬೇಡ.

ಕಿವಿರು: ಎಲ್ಲಕ್ಕಿಂತ ಮುಖ್ಯ

ಈಗ ಆ ಅಕ್ಕ ಮಾಡಿದ ಕೆಲಸ. ಮೀನಿನ ತಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ. ಮುಚ್ಚಳ ಸ್ವಲ್ಪ ಬಿಗಿಯಾಗಿದ್ದರೆ ಒಳ್ಳೆಯದು. ತಾನೇ ಬಾಯಿ ಬಿಟ್ಟುಕೊಂಡಿದ್ದರೆ ದಿನ ಕಳೆದಿದೆ.

ಮೊದಲು ಮೂಸಿ, ಆಮೇಲೆ ಬಣ್ಣ ನೋಡಿ. ಐಸ್ ಕರಗಿದ ನೀರು ದಿನಗಟ್ಟಲೆ ಕಿವಿರಿನ ಮೇಲೆ ಹರಿದರೆ ಒಳ್ಳೆಯ ಮೀನಿನ ಕಿವಿರೂ ಬಿಳಿಚಿಕೊಳ್ಳುತ್ತದೆ. ಕಿವಿರಿಗೆ ಬಣ್ಣ ಹಚ್ಚುವವರೂ ಇದ್ದಾರೆ. ಅನುಮಾನ ಬಂದರೆ ಬಿಳಿ ಟಿಶ್ಯೂ ಕಾಗದದಿಂದ ಒರೆಸಿ. ರಕ್ತದ ನೀರು ತೆಳುವಾಗಿ ಹರಡುತ್ತದೆ, ಬಣ್ಣ ಹಚ್ಚಿದ್ದರೆ ಕೆಂಪು ಗಾಢವಾಗಿ ಹಿಡಿಯುತ್ತದೆ. ವಾಸನೆಯನ್ನು ಮುಚ್ಚಿಡುವುದು ಇಷ್ಟು ಸುಲಭ ಅಲ್ಲ.

ವಾಸನೆ ಬದಲಾಗುವ ಕ್ರಮ ಹೀಗಿರುತ್ತದೆ. ಮೊದಲ ಎರಡು ದಿನ ಕಡಲು, ಪಾಚಿ. ಆಮೇಲೆ ಏನೂ ಇಲ್ಲ, ಬರೀ ಒದ್ದೆ ವಾಸನೆ. ಈ "ಏನೂ ಇಲ್ಲ" ಹಂತದ ಮೀನು ಪೂರ್ತಿ ಕೊಳ್ಳುವಂಥದ್ದೇ. ಆನಂತರ ಸ್ವಲ್ಪ ಹುಳಿ, ಒಣಗದ ಬಟ್ಟೆಯ ಮುಗ್ಗಲು. ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನಾದರೆ ಹಳೇ ಎಣ್ಣೆಯ ಕಮಟು. ಕೊನೆಗೆ ಮೂಗಿಗೆ ಚುಚ್ಚುವ ಅಮೋನಿಯಾ, ಕೊಳೆತ ಎಲೆಕೋಸು. ಹುಳಿ ವಾಸನೆ ಶುರುವಾದಲ್ಲಿಗೆ ನಾನು ನಿಲ್ಲಿಸುತ್ತೇನೆ. ಅಲ್ಲಿಂದ ಮುಂದಿನದನ್ನು ಅರ್ಧ ಬೆಲೆಗೆ ಕೊಟ್ಟರೂ ತರುವುದಿಲ್ಲ.

ಲೋಳೆಯನ್ನೂ ಬೆರಳಿಗೆ ಹಚ್ಚಿಕೊಂಡು ನೋಡಿ. ನೀರಿನ ಹಾಗೆ ತಿಳಿಯಾಗಿದ್ದರೆ ತಾಜಾ. ಹಾಲು ಹಾಲಾಗಿದ್ದರೆ ಮಧ್ಯದ ದಿನಗಳು. ಗಟ್ಟಿಯಾಗಿ ಹಳದಿ, ಕಂದು ಬಂದಿದ್ದರೆ ಬಿಟ್ಟುಬಿಡಿ. ಅಂಗಡಿಯವರು ತಲೆ ತೆಗೆದ ಮೀನು ಮಾತ್ರ ಇಟ್ಟಿದ್ದರೆ ಈ ಪರೀಕ್ಷೆ ಮಾಡಲು ಆಗುವುದೇ ಇಲ್ಲ. ಅಂಥ ಕಡೆ ನಾನು ಸಣ್ಣ ಮೀನು ಕೊಳ್ಳುವುದಿಲ್ಲ.

ಕಣ್ಣು, ಚರ್ಮ, ಬೆರಳು

ತಾಜಾ ಮೀನಿನ ಕಣ್ಣು ಉಬ್ಬಿ, ತಿಳಿಯಾಗಿ, ನಡುವೆ ಕಡು ಕಪ್ಪಾಗಿರುತ್ತದೆ. ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ಗುಳಿ ಬಿದ್ದು ಹಾಲುಗಣ್ಣಾಗುತ್ತದೆ. ಇದು ನಿಜ. ಆದರೆ ಐಸ್ ತುಂಡು ನೇರವಾಗಿ ತಾಗಿದ ಕಣ್ಣು ಬೇಗ ಮಂಜಾಗುತ್ತದೆ. ಮದ್ಮಲ್‌ನಂಥ ಆಳದ ಮೀನನ್ನು ಮೇಲಕ್ಕೆ ಎಳೆಯುವಾಗಲೇ ಕಣ್ಣಿಗೆ ಪೆಟ್ಟಾಗಿರುತ್ತದೆ. ಹಾಗಾಗಿ ಎರಡೂ ಕಣ್ಣು ನೋಡಿ. ಒಂದು ತಿಳಿ, ಇನ್ನೊಂದು ಮಂಜು ಇದ್ದರೆ ಅದು ಐಸ್ ತಾಗಿದ ಗುರುತು. ತಿಳಿಗಣ್ಣನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚರ್ಮದಲ್ಲಿ ಹೊಳಪು ನೋಡಬೇಕು. ಬಂಗುಡೆಯ ಬೆನ್ನಿನ ಹಸಿರು ನೀಲಿ ಪಟ್ಟೆಗಳು ಬರೆದಿಟ್ಟ ಹಾಗೆ ಸ್ಪಷ್ಟವಾಗಿರಬೇಕು. ದಿನ ಕಳೆದ ಹಾಗೆ ಪಟ್ಟೆಯ ಅಂಚು ಕಲಸಿಹೋಗುತ್ತದೆ, ಹೊಟ್ಟೆಯ ಬೆಳ್ಳಿ ಬಣ್ಣ ಮಂಕಾಗಿ ಹಳದಿಗೆ ತಿರುಗುತ್ತದೆ.

ಬೆರಳಿನಿಂದ ಒತ್ತುವ ಪರೀಕ್ಷೆ ಎಲ್ಲರಿಗೂ ಗೊತ್ತು. ಗುಳಿ ಬಿದ್ದು ಹಾಗೇ ನಿಂತರೆ ಹಳೆಯದು, ಮೇಲೆದ್ದು ಬಂದರೆ ಒಳ್ಳೆಯದು. ಆದರೆ ಸೊನ್ನೆ ಡಿಗ್ರಿಯಲ್ಲಿರುವ ಮೀನು ತಣ್ಣಗಿರುವ ಕಾರಣಕ್ಕೇ ಗಟ್ಟಿ ಅನಿಸುತ್ತದೆ. ಎರಡು ನಿಮಿಷ ಐಸ್‌ನಿಂದ ಹೊರಗಿಟ್ಟು, ಬೆನ್ನಿನ ದಪ್ಪ ಭಾಗದಲ್ಲಿ ಒತ್ತಿ. ಬಂಗುಡೆಯನ್ನು ತಲೆ ಹಿಡಿದು ಅಡ್ಡಲಾಗಿ ಎತ್ತಿದಾಗ ಬಾಲ ಬಾಗದೆ ಕೋಲಿನ ಹಾಗೆ ನಿಂತರೆ ಅದು ಇನ್ನೂ ಸತ್ತ ಮೇಲೆ ಮೈ ಸೆಟೆಯುವ ಹಂತದಲ್ಲೇ ಇದೆ, ಒಂದು ದಿನದ ಆಸುಪಾಸಿನದು.

ಹೊಟ್ಟೆ ಸೀಳಿದಾಗ

ಮೀನು ಸ್ವಚ್ಛ ಮಾಡಿಸುವಾಗ ಮೊಬೈಲ್ ನೋಡುತ್ತಾ ನಿಲ್ಲಬೇಡಿ. ಹೊರಗೆ ಕಾಣದ್ದು ಒಳಗೆ ಕಾಣುತ್ತದೆ. ಹೊಟ್ಟೆಯ ಒಳಪೊರೆ ಹೊಳೆಯುತ್ತಾ ಮಾಂಸಕ್ಕೆ ಅಂಟಿಕೊಂಡಿರಬೇಕು. ಪಕ್ಕೆಯ ಮುಳ್ಳುಗಳು ಮಾಂಸ ಬಿಟ್ಟು ಬಾಚಣಿಗೆಯ ಹಲ್ಲಿನ ಹಾಗೆ ಎದ್ದು ನಿಂತಿದ್ದರೆ ಮಾಂಸ ಕರಗಲು ಶುರುವಾಗಿದೆ. ಬೆನ್ನುಮೂಳೆಯ ಉದ್ದಕ್ಕೂ ಇರುವ ರಕ್ತದ ಗೆರೆ ಕೆಂಪಗಿರಬೇಕು, ಕಂದಾಗಿರಬಾರದು.

ಬೂತಾಯಿಗೆ ಮಾತ್ರ ಒಂದು ವಿನಾಯಿತಿ ಕೊಡಿ. ಹೊಟ್ಟೆ ತುಂಬ ತಿಂದ ಬೂತಾಯಿ ಹಿಡಿದ ದಿನವೇ ಹೊಟ್ಟೆ ಒಡೆದುಕೊಳ್ಳಬಹುದು. ಅದರ ಜೀರ್ಣರಸ ಅಷ್ಟು ಚುರುಕು. ಹೊಟ್ಟೆ ಒಡೆದರೂ ಕಿವಿರು ಚೆನ್ನಾಗಿದ್ದರೆ ತಂದು ಅವತ್ತೇ ಬೇಯಿಸಿ.

ಅಂಕ ಹಾಕಿ ನೋಡಿ

1980ರ ದಶಕದಲ್ಲಿ ಆಸ್ಟ್ರೇಲಿಯಾದ ತಸ್ಮಾನಿಯಾದ ಸಂಶೋಧಕರು ಒಂದು ಸರಳ ಉಪಾಯ ಮಾಡಿದರು. ಮೀನಿನ ಒಂದೊಂದು ಭಾಗಕ್ಕೂ ಸೊನ್ನೆಯಿಂದ ಮೂರರವರೆಗೆ ದೋಷದ ಅಂಕ ಕೊಟ್ಟು ಕೂಡಿಸುವುದು. ಐಸ್‌ನಲ್ಲಿ ದಿನ ಏರಿದ ಹಾಗೆ ಮೊತ್ತವೂ ಒಂದೇ ಸಮ ಏರುತ್ತದೆ. ಯಾವುದೋ ಒಂದು ಗುರುತು ಮೋಸ ಮಾಡಿದರೂ ಒಟ್ಟು ಮೊತ್ತ ದಾರಿ ತಪ್ಪಿಸುವುದಿಲ್ಲ. ಯುರೋಪಿನಲ್ಲಿ ಒಂದೊಂದು ಜಾತಿಯ ಮೀನಿಗೂ ಇಂಥ ಪಟ್ಟಿ ಮಾಡಿಕೊಂಡಿದ್ದಾರೆ.

ನಾನು ಮನೆಗೆ ಬೇಕಾದಷ್ಟು ಮಾತ್ರ ಇಳಿಸಿಕೊಂಡಿದ್ದೇನೆ. ಕಿವಿರಿನ ವಾಸನೆಗೆ ಮೂರರವರೆಗೆ, ಕಿವಿರಿನ ಬಣ್ಣ ಮತ್ತು ಲೋಳೆಗೆ ಮೂರರವರೆಗೆ, ಚರ್ಮ, ಕಣ್ಣು, ಬೆರಳು, ಹೊಟ್ಟೆಗೆ ತಲಾ ಎರಡರವರೆಗೆ. ಒಟ್ಟು 14. ನಾಲ್ಕರೊಳಗೆ ಬಂದರೆ ತವಾ ಫ್ರೈ. ಐದರಿಂದ ಏಳು ಬಂದರೆ ಅವತ್ತೇ ಸಾರು. ಎಂಟು ಮುಟ್ಟಿದರೆ ಕೊಳ್ಳುವುದಿಲ್ಲ. ವಾಸನೆಗೆ ಒಂದಕ್ಕೇ ಮೂರು ಬಿದ್ದರೆ ಉಳಿದದ್ದನ್ನು ಕೂಡಿಸುವ ಕೆಲಸವೇ ಇಲ್ಲ. ನಾಲ್ಕೈದು ಭಾನುವಾರ ಹೀಗೆ ಮಾಡಿದರೆ ಕೈಗೆ ರೂಢಿಯಾಗುತ್ತದೆ, ಆಮೇಲೆ ಲೆಕ್ಕ ಬೇಕಾಗುವುದಿಲ್ಲ.

ಅಂಜಲ್ ತುಂಡು, ಸಿಗಡಿ, ಬೊಂಡಾಸ್, ತಾಟೆ

ಅಂಜಲ್ ತುಂಡು ಕೊಳ್ಳುವಾಗ ಕತ್ತರಿಸಿದ ಮುಖ ನೋಡಿ. ಬೆಳಕು ಸ್ವಲ್ಪ ಒಳಗೆ ಹೋಗುವ ಹಾಗೆ ಹೊಳೆಯುತ್ತಿರಬೇಕು. ಸುಣ್ಣದ ಹಾಗೆ ಬೆಳ್ಳಗೆ ಬತ್ತಿದ್ದರೆ, ಪದರ ಬಿಟ್ಟುಕೊಂಡು ನೀರು ಸೋರುತ್ತಿದ್ದರೆ ಫ್ರೀಜರ್‌ನಿಂದ ತೆಗೆದು ಕರಗಿಸಿದ್ದಿರಬಹುದು. ಸಾಧ್ಯವಾದರೆ ಇಡೀ ಮೀನಿನ ಕಿವಿರು ನೋಡಿ, ಕಣ್ಣೆದುರೇ ತುಂಡು ಮಾಡಿಸಿ.

ಸಿಗಡಿಯ ತಲೆ ಮೈಗೆ ಬಿಗಿಯಾಗಿರಬೇಕು. ತಲೆ, ಕಾಲಿನ ಬುಡ ಕಪ್ಪಾಗುವುದು ಕೊಳೆತಿದ್ದರಿಂದ ಅಲ್ಲ, ಗಾಳಿ ತಾಗಿ ಕಿಣ್ವದಿಂದ ಆಗುವುದು. ಆದರೂ ದಿನ ಕಳೆದ ಗುರುತು ಹೌದು. ಕಪ್ಪಾಗದಂತೆ ಸಲ್ಫೈಟ್ ನೀರಿನಲ್ಲಿ ಅದ್ದುವ ಪದ್ಧತಿ ಇರುವುದರಿಂದ, ಕಪ್ಪಿಲ್ಲ ಅಂದ ಮಾತ್ರಕ್ಕೆ ತಾಜಾ ಅಂತ ತಿಳಿಯಬೇಡಿ. ಇಲ್ಲೂ ಮೂಗೇ ಗತಿ. ಬೊಂಡಾಸ್ (ಸ್ಕ್ವಿಡ್) ಚರ್ಮದಲ್ಲಿ ಕಂದು ಚುಕ್ಕಿಗಳು ಬಿಡಿಬಿಡಿಯಾಗಿ ಕಾಣಬೇಕು, ಒಳಮಾಂಸ ಬೆಳ್ಳಗಿರಬೇಕು. ಮಾಂಸಕ್ಕೆ ಗುಲಾಬಿ ಬಣ್ಣ ಇಳಿದಿದ್ದರೆ ಹಳತು.

ತಾಟೆ (ಶಾರ್ಕ್), ತೊರಕೆಯ (ರೇ ಮೀನು) ಮಾಂಸದಲ್ಲಿ ಯೂರಿಯಾ ಇರುವುದರಿಂದ ಬೇರೆ ಮೀನಿಗಿಂತ ಬೇಗ ಅಮೋನಿಯಾ ಬರುತ್ತದೆ. ಅವನ್ನು ಎರಡು ದಿನದೊಳಗಿನದ್ದಾದರೆ ಮಾತ್ರ ತನ್ನಿ. ಕಾಟ್ಲಾ, ರೋಹುಗಳ ಕಥೆ ತಿರುಗುಮುರುಗು. ಕಡಲ ಮೀನಿನ ಆ ನಾತ ಹುಟ್ಟಿಸುವ ಅಂಶ ಕೆರೆ ಮೀನಿನಲ್ಲಿ ತೀರಾ ಕಡಿಮೆ. ಹಾಗಾಗಿ ಅವು ಹಳತಾದರೂ ಅಷ್ಟು ನಾರುವುದಿಲ್ಲ. ಅವುಗಳಲ್ಲಿ ಕಿವಿರಿನ ಲೋಳೆ, ಬೆರಳು ಜಾಸ್ತಿ ನಂಬಿ. ಮಣ್ಣಿನ ವಾಸನೆ ಬಂದರೆ ಅದು ಕೆರೆಯದ್ದು, ಕೆಟ್ಟದ್ದರ ಲಕ್ಷಣ ಅಲ್ಲ.

ಬಂಗುಡೆ, ಬೂತಾಯಿ, ಕೇದರ: ಇಲ್ಲಿ ರುಚಿಯ ಮಾತಷ್ಟೇ ಅಲ್ಲ

ಒಂದು ಸಲ ಬೆಂಗಳೂರಿನಲ್ಲಿ ಒಂದು ಅಂಗಡಿಯಿಂದ ಬಂಗುಡೆ ತಂದೆ. ಅವಸರದಲ್ಲಿ ಕಿವಿರು ನೋಡಲಿಲ್ಲ. ಹುಣಸೆ, ಮೆಣಸು ಜೋರಾಗಿ ಹಾಕಿ ಸಾರು ಮಾಡಿದ್ದರಿಂದ ವಾಸನೆ ಗೊತ್ತಾಗಲಿಲ್ಲ. ಊಟವಾಗಿ ಅರ್ಧ ಗಂಟೆಗೆ ಮುಖವೆಲ್ಲ ಕೆಂಪೇರಿ ಉರಿ, ತಲೆನೋವು, ಮೈ ತುರಿಕೆ. ಮೀನಿನ ಅಲರ್ಜಿ ಅಂತಲೇ ತಿಳಿದಿದ್ದೆ. ಡಾಕ್ಟರು ಎಲ್ಲ ಕೇಳಿ, ಇದು ಅಲರ್ಜಿಯಂಥದ್ದೇ ತೊಂದರೆ ಕೊಡುವ ಹಿಸ್ಟಮೀನ್‌ನದ್ದಿರಬೇಕು ಅಂದರು.

ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಕೇದರದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಐಸ್ ತಪ್ಪಿ ಬೆಚ್ಚಗಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೀನ್ ಮಾಡುತ್ತವೆ. ಒಮ್ಮೆ ಆಯಿತು ಅಂದರೆ ಕುದಿಸಿದರೂ, ಹುರಿದರೂ, ಮತ್ತೆ ಐಸ್ ಹಾಕಿದರೂ ಹೋಗುವುದಿಲ್ಲ. ಹುಳಿ ಹಾಕಿದರೆ ನಾತ ತಗ್ಗುತ್ತದೆ, ಹಿಸ್ಟಮೀನ್ ಹಾಗೇ ಇರುತ್ತದೆ. ಅದಕ್ಕೇ "ಮಸಾಲೆ ಜಾಸ್ತಿ ಹಾಕಿದ್ರಾಯ್ತು" ಅನ್ನುವ ಮಾತನ್ನು ಈ ಮೀನುಗಳಿಗೆ ದಯವಿಟ್ಟು ಹೇಳಬೇಡಿ. ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ, ಮೆಣಸು ಕಚ್ಚಿದ ಹಾಗಾದರೆ ಅಲ್ಲಿಗೇ ನಿಲ್ಲಿಸಿ. ಉಸಿರಾಟಕ್ಕೆ ತೊಂದರೆ, ಎದೆಬಡಿತ ಜೋರಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೀನು ಕೆಡದಿರಲಿ ಅಂತ ಕೆಲವರು ಹಾಕುವ ವಿಷದ ರಾಸಾಯನಿಕ ಫಾರ್ಮಾಲಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಕೇರಳದ ಅಧಿಕಾರಿಗಳು ಆಪರೇಷನ್ ಸಾಗರ್ ರಾಣಿ ಹೆಸರಿನಲ್ಲಿ ತಪಾಸಣೆ ಮಾಡಿ ಟನ್‌ಗಟ್ಟಲೆ ಮೀನು ಹಿಡಿದಾಗಿನಿಂದ ಈ ಭಯ ಹೆಚ್ಚಾಯಿತು. "ನೊಣ ಕೂರದಿದ್ದರೆ ಫಾರ್ಮಾಲಿನ್" ಅನ್ನುವುದನ್ನು ನಂಬಬೇಡಿ, ಚೆನ್ನಾಗಿ ಐಸ್ ಹಾಕಿದ ಮೀನಿನ ಮೇಲೂ ನೊಣ ಕಡಿಮೆ. ಮೈ ರಬ್ಬರಿನ ಹಾಗೆ ಬಿರುಸಾಗಿದ್ದು, ಕಣ್ಣು, ಕಿವಿರು ಹಳತಾಗಿದ್ದರೆ, ಕಡಲಿನ ವಾಸನೆಯೂ ಇಲ್ಲದಿದ್ದರೆ ಅನುಮಾನ ಪಡಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಕಾಗದದ ಪಟ್ಟಿಯ ಪರೀಕ್ಷಾ ಕಿಟ್ ಮಾಡಿದೆ. ಬರೀ ಕಣ್ಣಿನಿಂದ ಖಚಿತವಾಗಿ ಹೇಳಲು ಆಗುವುದಿಲ್ಲ.

ಮನೆಗೆ ತಂದ ಮೇಲೆ

ಮಾರ್ಕೆಟ್ಟಿಗೆ ಹೋಗುವಾಗ ಒಂದು ಥರ್ಮೋಕೋಲ್ ಡಬ್ಬಿ ಒಯ್ಯಿರಿ, ಮೀನಿನ ಜೊತೆ ಒಂದು ಹಿಡಿ ಐಸ್ ಹಾಕಿಸಿಕೊಳ್ಳಿ. ಮನೆಯ ಫ್ರಿಜ್ ಒಳಗೆ ಸಾಮಾನ್ಯವಾಗಿ 4–5 ಡಿಗ್ರಿ ಇರುತ್ತದೆ. ಅಂದರೆ ಬರೀ ಫ್ರಿಜ್‌ನಲ್ಲಿ ಒಂದು ದಿನ ಇಟ್ಟರೆ ಐಸ್‌ನಲ್ಲಿ ಎರಡು ದಿನ ಇಟ್ಟಷ್ಟು ಹಳತಾಗುತ್ತದೆ. ಮಾರನೇ ದಿನಕ್ಕೆ ಬೇಕಾದರೆ ಹೊಟ್ಟೆ ತೆಗೆದು ತೊಳೆದು, ತೂತಿನ ಪಾತ್ರೆಯಲ್ಲಿ ಐಸ್ ನಡುವೆ ಇಟ್ಟು, ಕೆಳಗೊಂದು ತಟ್ಟೆ ಇಟ್ಟು ಫ್ರಿಜ್‌ನಲ್ಲಿಡಿ. ತಟ್ಟೆಯ ನೀರನ್ನು ಆಗಾಗ ಚೆಲ್ಲಿ.

ಇಷ್ಟೆಲ್ಲ ನೋಡಿ ತಂದ ಮೇಲೂ ಮನಸ್ಸಿನಲ್ಲಿ ಅಳುಕಿದ್ದರೆ ಮಸಾಲೆ ಹಚ್ಚುವ ಮೊದಲು ಒಂದು ಕೆಲಸ ಮಾಡಿ. ಬೆನ್ನಿನ ಕಡೆಯ ಎರಡು ಬೆರಳಗಲದ ತುಂಡನ್ನು ಉಪ್ಪು, ಹುಳಿ ಏನೂ ಹಾಕದೆ ಸಣ್ಣ ಬಟ್ಟಲಲ್ಲಿಟ್ಟು, ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಬಟ್ಟಲಿನ ಮುಚ್ಚಳ ತೆಗೆದ ಕ್ಷಣ ಬರುವ ಮೊದಲ ಹಬೆಯನ್ನು ಮೂಸಿ. ಎಳನೀರಿನಂಥ ತಿಳಿ ಸಿಹಿ ಬಂದರೆ ಧೈರ್ಯವಾಗಿ ತವಾ ಇಡಿ. ಏನೂ ಬರದಿದ್ದರೆ ತೆಂಗಿನಕಾಯಿ ರುಬ್ಬಿ ಸಾರು ಮಾಡಿ. ಹುಳಿ ಅಥವಾ ಅಮೋನಿಯಾ ಬಂದರೆ ಆ ಮೀನನ್ನು ಬೆಕ್ಕಿಗೂ ಹಾಕದೆ ತೆಂಗಿನ ಬುಡದಲ್ಲಿ ಹೂತುಬಿಡಿ.